ಕೊಟ್ಟದ್ದೋ, ಕಿತ್ತದ್ದೋ

ಹಳೆಯದನ್ನು ಉಳಿಸಿಕೊಳ್ಳುವುದು ಒಳ್ಳೆಯ ಗುಣವೆಂದೇ ನಾವೆಲ್ಲ ತಿಳಿದಿದ್ದೇವೆ. ಸೋರುವ ಹಂಡೆಗೆ ಬೆಸುಗೆ ಹಾಕಿಸುವ, ಹರಿದ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ಹೆಂಗಸನ್ನು ಜಾಣೆ ಎನ್ನುತ್ತೇವೆ. ಊರಿನ ಗುಡಿ ಶಿಥಿಲವಾದರೆ ಜೀರ್ಣೋದ್ಧಾರಕ್ಕೆ ಕೈಲಾದಷ್ಟು ಕೊಟ್ಟು ಸಮಾಧಾನಪಡುತ್ತೇವೆ. ಇದರಲ್ಲಿ ತಕರಾರಿಗೆ ಜಾಗವೇ ಇಲ್ಲ ಅನಿಸುತ್ತದೆ. ಆದರೆ ಒಂದನ್ನು ಉಳಿಸುವುದಕ್ಕೆ ಇನ್ನೊಂದನ್ನು ಕೆಡಿಸಲೇಬೇಕು ಎಂಬ ಸಂದರ್ಭ ಬಂದರೆ? ಯಾವುದು ಉಳಿಯಬೇಕು, ಯಾವುದು ಕೆಡಬೇಕು ಎಂದು ತೀರ್ಮಾನಿಸುವವರು ಯಾರು? ಕೆಟ್ಟದ್ದರ ಋಣವನ್ನು ಉಳಿದದ್ದು ತೀರಿಸುವುದು ಹೇಗೆ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಅಮೆರಿಕದ ಹಳೆಯ ಕಾರುಗಳ ದೆಸೆಯಿಂದ ಎಂದರೆ ನೀವು ನಗಬಹುದು. ಕಾರಿನ ಬಗ್ಗೆ ನನಗಿರುವ ಜ್ಞಾನ ಬಾಗಿಲು ತೆಗೆದು ಕೂರುವಷ್ಟೇ. 2016ರಲ್ಲಿ ಮಗಳ ಬಾಣಂತನಕ್ಕೆಂದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನಲ್ಲಿ ಐದು ತಿಂಗಳಿದ್ದೆ. ಪಕ್ಕದ ಮನೆಯ ನಿವೃತ್ತ ಯಜಮಾನರು ತಮ್ಮ ಗ್ಯಾರೇಜಿನಲ್ಲಿ 1953ರ ಸ್ಟೂಡಿಬೇಕರ್ ಕಾರೊಂದನ್ನು ಬಿಚ್ಚಿ ಹರಡಿಕೊಂಡಿದ್ದರು. ಮಗು ಮಲಗಿದ ಹೊತ್ತಿನಲ್ಲಿ ನಾನು ಅವರ ಹೆಂಡತಿಯ ಜೊತೆ ಕೂತು ಅದನ್ನು ನೋಡುವುದು ದಿನಚರಿಯಾಯಿತು.

ಆ ಊರಿಗೂ ಆ ಹೆಸರಿಗೂ ಬಿಡದ ನಂಟು. 1852ರಲ್ಲಿ ಸ್ಟೂಡಿಬೇಕರ್ ಸಹೋದರರು ಅಲ್ಲಿ ಕಮ್ಮಾರಸಾಲೆ ತೆರೆದು ಕುದುರೆ ಬಂಡಿ ಮಾಡತೊಡಗಿದರು. 1902ರಲ್ಲಿ ಕಾರಿಗೆ ಕೈಹಾಕಿದರು. ನಮ್ಮ ದೇಶದ ಹಿಂದೂಸ್ತಾನ್ ಮೋಟರ್ಸ್ ಕೂಡ ಒಂದು ಕಾಲದಲ್ಲಿ ಸ್ಟೂಡಿಬೇಕರ್ ಗಾಡಿಗಳನ್ನು ಜೋಡಿಸಿ ಮಾರಿತ್ತು. 1963ರ ಡಿಸೆಂಬರಿನಲ್ಲಿ ಸೌತ್ ಬೆಂಡ್ ಕಾರ್ಖಾನೆ ಮುಚ್ಚಿತು. ಕೆನಡಾದಲ್ಲಿದ್ದ ಇನ್ನೊಂದು ಕಾರ್ಖಾನೆಯಿಂದ 1966ರಲ್ಲಿ ಕೊನೆಯ ಕಾರು ಹೊರಬಂದ ಮೇಲೆ ಆ ವಂಶವೇ ನಿಂತುಹೋಯಿತು. ತಯಾರಿಸುವವರೇ ಇಲ್ಲದ ಕಾರಿಗೆ ಬಿಡಿಭಾಗ ತರುವುದೆಲ್ಲಿಂದ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದ ಹಾಗೆ ಅಂಗಡಿ ಅಂಗಡಿ ಸುತ್ತಿದರೆ ಸಿಗುವ ಸಾಮಾನಲ್ಲ ಅದು.

ಭಾಗಗಳಲ್ಲಿ ಮೂರು ಬಗೆ ಎಂದು ಅವರು ಹೇಳಿಕೊಟ್ಟರು. ನಾನು ಅದನ್ನು ಸೀರೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಮೊದಲನೆಯದು, ಆ ಕಾಲದಲ್ಲೇ ತಯಾರಾಗಿ ಯಾವ ಕಾರಿಗೂ ಕೂರದೆ ಮಾರಾಟಗಾರರ ಅಟ್ಟದಲ್ಲಿ ಪೆಟ್ಟಿಗೆ ಸಮೇತ ಉಳಿದುಕೊಂಡದ್ದು. ಅಮ್ಮನ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಉಳಿದ ರೇಷ್ಮೆ ಸೀರೆ ಇದ್ದಂತೆ. ಹಳೆಯದೂ ಹೌದು, ಹೊಸದೂ ಹೌದು. ಸಿಕ್ಕರೆ ಅದೃಷ್ಟ, ಬೆಲೆ ಮಾತ್ರ ಕೇಳುವ ಹಾಗಿಲ್ಲ. ಎರಡನೆಯದು, ಹಳೆಯ ಮಾದರಿ ನೋಡಿ ಈಗ ಮಾಡಿದ್ದು. ಹಳೆಯ ವಿನ್ಯಾಸದಲ್ಲಿ ಹೊಸದಾಗಿ ನೇಯಿಸಿದ ಸೀರೆ ಎನ್ನಿ. ಮೂರನೆಯದು, ಇನ್ನೊಂದು ಕಾರಿನಿಂದ ಬಿಚ್ಚಿ ತಂದದ್ದು. ನಾವು ಜೀರ್ಣವಾದ ಸೀರೆಯ ಜರಿ ಅಂಚನ್ನು ಬಿಡಿಸಿ ಬೇರೆ ಸೀರೆಗೆ ಹೊಲಿಸುವುದಿಲ್ಲವೇ, ಹಾಗೆ.

ಇವನ್ನು ಹುಡುಕುವುದೇ ಒಂದು ತಪಸ್ಸು. 1954ರಲ್ಲಿ ಆರಂಭವಾದ ‘ಹೆಮ್ಮಿಂಗ್ಸ್ ಮೋಟರ್ ನ್ಯೂಸ್’ ಎಂಬ ಪತ್ರಿಕೆಯ ಪುಟಗಳ ತುಂಬ ಬೇಕು, ಮಾರುವುದಿದೆ ಎಂಬ ಸಣ್ಣ ಜಾಹೀರಾತುಗಳು. ಪೆನ್ಸಿಲ್ವೇನಿಯಾದ ಹರ್ಶಿಯಲ್ಲಿ ಪ್ರತಿ ಅಕ್ಟೋಬರಿನಲ್ಲಿ ದೊಡ್ಡ ಸಂತೆ ಸೇರುತ್ತದೆ. ತುಕ್ಕು ಹಿಡಿದ ಬಂಪರು, ಒಂಟಿ ಹೆಡ್‌ಲೈಟು, ಗಾಜಿನ ಹಿಡಿ, ಎಲ್ಲವನ್ನೂ ನೆಲದ ಮೇಲೆ ಹರಡಿ ಕೂರುತ್ತಾರೆ. ಯಾವ ವರ್ಷದ ಯಾವ ಕಾರಿನ ಯಾವ ಭಾಗ ಬೇರೆ ಯಾವುದಕ್ಕೆ ಹೊಂದುತ್ತದೆ ಎಂದು ತೋರಿಸುವ ದಪ್ಪ ದಪ್ಪ ಕೋಷ್ಟಕಗಳ ಪುಸ್ತಕಗಳೂ ಇವೆ. ಹಾಲಂಡರ್ ಎಂಬ ಹೆಸರಿನಲ್ಲಿ 1930ರ ದಶಕದಿಂದ ಬಂದಿರುವ ಅವು ಗುಜರಿಯವರ ಪಾಲಿನ ಪಂಚಾಂಗ. ಅದನ್ನು ತಿರುವಿ ಹಾಕುವಾಗ ನನಗೆ ಆಸ್ಪತ್ರೆಯಲ್ಲಿ ರಕ್ತದ ಗುಂಪು ಹೊಂದಿಸುವ ನೆನಪಾಗುತ್ತಿತ್ತು.

ನೆರೆಯವರ ಕಾರಿಗೆ ಬೇಕಾಗಿದ್ದದ್ದು ಮುಂದಿನ ಎರಡು ಮಡ್‌ಗಾರ್ಡುಗಳು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಮಣ್ಣಿನ ಜೊತೆ ಒಳಗೆ ಕೂತು ತಗಡನ್ನು ತಿಂದುಬಿಡುತ್ತದೆ. ಬಹಳ ಹುಡುಕಾಟದ ಮೇಲೆ ಒಂದು ಹೊಲದ ಮನೆಯ ಕೊಟ್ಟಿಗೆಯಲ್ಲಿ ಅಂಥದೇ ಕಾರು ಇದೆಯೆಂದು ತಿಳಿಯಿತಂತೆ. ಗಂಡ ತೀರಿಹೋದ ಮೇಲೆ ಆ ಮನೆಯ ಹೆಂಗಸು ಅದನ್ನು ಮುಟ್ಟಿರಲಿಲ್ಲ. ಇಂಜಿನ್ ಜಡವಾಗಿತ್ತು, ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು, ಮಡ್‌ಗಾರ್ಡುಗಳು ಮಾತ್ರ ಗಟ್ಟಿ. ಬೆಲೆ ಮಾತಾಡುವ ಮೊದಲು ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಓಡಿಸುತ್ತೀರಾ?”

ಹೂಂ ಎಂದಿದ್ದರೆ ವ್ಯಾಪಾರ ಅಲ್ಲಿಗೆ ಮುಗಿಯುತ್ತಿತ್ತು. ಇವರು ಹಾಗೆನ್ನಲಿಲ್ಲ. “ಇಲ್ಲ, ಬಿಚ್ಚುತ್ತೇನೆ. ಇದರಿಂದ ನನ್ನದು ಓಡುತ್ತದೆ” ಎಂದರಂತೆ. ಆಕೆ ಎರಡು ದಿನ ಯೋಚಿಸಿ ಒಪ್ಪಿಕೊಂಡಳು. ಸ್ಟಿಯರಿಂಗ್ ಚಕ್ರವನ್ನು ಮಾತ್ರ ತಾನು ಇಟ್ಟುಕೊಂಡಳು. ನೆರೆಯವರು ಒಂದು ನೋಟುಪುಸ್ತಕ ಇಟ್ಟಿದ್ದರು. ಯಾವ ಭಾಗ, ಯಾರಿಂದ, ಯಾವ ಊರಿನ ಯಾವ ಕಾರಿನಿಂದ ಬಂತು, ಎಲ್ಲ ಅದರಲ್ಲಿ ಬರೆದಿದ್ದರು. ಎರಡು ಮಡ್‌ಗಾರ್ಡುಗಳ ಮುಂದೆ ಆ ಹೆಂಗಸಿನ ಗಂಡನ ಹೆಸರಿತ್ತು.

ಹೀಗೆ ಬಿಚ್ಚಲೆಂದೇ ಕೊಳ್ಳುವ ಕಾರನ್ನು ಅಲ್ಲಿ ‘ಡೋನರ್ ಕಾರ್’ ಎನ್ನುತ್ತಾರೆ. ಅಂದರೆ ದಾನಿ ಕಾರು. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ದಾನ ಎನ್ನಬೇಕಾದರೆ ಕೊಡುವವರ ಮನಸ್ಸು ಬೇಕಲ್ಲವೆ? ಆ ಕಾರು ಏನನ್ನೂ ಕೊಡಲಿಲ್ಲ, ಅದರಿಂದ ತೆಗೆದುಕೊಂಡರು. ತೆಗೆದುಕೊಂಡವರು ‘ಕಿತ್ತೆ’ ಎನ್ನಲು ಮುಜುಗರವಾಗಿ ‘ಅದು ದಾನ ಮಾಡಿತು’ ಎಂದು ಹೆಸರಿಟ್ಟರು. ಲೋಹದ ವಿಷಯದಲ್ಲಿ ಇದು ಬರೀ ಮಾತಿನ ಚಮತ್ಕಾರ, ಯಾರಿಗೂ ನೋವಿಲ್ಲ. ಆದರೆ ಇದೇ ಮಾತಿನ ಚಮತ್ಕಾರವನ್ನು ಮನುಷ್ಯರ ಮೇಲೂ ನಡೆಸುತ್ತೇವಲ್ಲ!

ಹಿರಿಯರು ಇಂಥ ವಿಷಯವನ್ನು ಆಲೋಚಿಸದೆ ಬಿಟ್ಟಿಲ್ಲ. ಪಾಲಿ ಭಾಷೆಯ ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ರಥವೆಂದರೆ ಚಕ್ರವೋ, ಅಚ್ಚೋ, ನೊಗವೋ? ಯಾವುದೂ ಅಲ್ಲ; ಎಲ್ಲ ಕೂಡಿದಾಗ ರಥವೆಂಬ ಹೆಸರು ಬರುತ್ತದೆ, ಅಷ್ಟೆ. ಗ್ರೀಕರ ಕಡೆ, ಅಥೆನ್ಸಿನವರು ಥೀಸಿಯಸ್ ಎಂಬ ವೀರನ ಹಡಗನ್ನು ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ ಉಳಿಸಿಕೊಂಡರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ವಾದ ಮಾಡುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಹಾಬ್ಸ್ ಇದಕ್ಕೆ ಒಂದು ತಿರುವು ಕೊಟ್ಟ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು?

ಹಳೆಯ ಕಾರಿನವರ ಜಗಳವೂ ಇದೇ. ಇಂಜಿನ್ ಮೇಲಿನ ನಂಬರು ಕಾರಿನ ನಂಬರಿಗೆ ತಾಳೆಯಾಗುತ್ತದೆಯೇ, ಬಣ್ಣ ಕಾರ್ಖಾನೆಯದ್ದೇ, ಇದು ಅಸಲಿಯೇ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಆದರೆ ನನಗೆ ಅನಿಸುವುದು, ಇವರೆಲ್ಲ ಉಳಿದ ಹಡಗಿನ ಕಡೆಗೇ ನೋಡುತ್ತ ನಿಂತಿದ್ದಾರೆ. ಹೊಸ ಹಲಗೆ ಎಲ್ಲಿಂದ ಬಂತು, ಯಾವ ಮರ ಉರುಳಿತು ಎಂದು ಯಾರೂ ಕೇಳಲಿಲ್ಲ.

ಕೆಲವು ಕಡೆ ಈ ಪ್ರಶ್ನೆಗೆ ಉತ್ತರ ಸುಲಭ. ಕ್ಯೂಬಾ ದೇಶದಲ್ಲಿ 1959ರ ಕ್ರಾಂತಿಯ ನಂತರ ಅಮೆರಿಕದ ಕಾರು ಬರುವುದು ನಿಂತಿತು. 1962ರ ಹೊತ್ತಿಗೆ ವ್ಯಾಪಾರಕ್ಕೇ ದಿಗ್ಬಂಧನ ಬಿತ್ತು. ಇದ್ದ ಕಾರುಗಳನ್ನೇ ಅಲ್ಲಿನವರು ದಶಕಗಳ ಕಾಲ ದುಡಿಸಿಕೊಂಡರು. ಮೇಲಿನ ಮೈ ಷೆವ್ರಲೆಯದು, ಒಳಗಿನ ಡೀಸೆಲ್ ಇಂಜಿನ್ ಇನ್ಯಾವುದರದೋ, ಬಿಡಿಭಾಗ ರಷ್ಯಾದ ಲಾಡಾ ಕಾರಿನದು. ಅದು ಟ್ಯಾಕ್ಸಿಯಾಗಿ ಓಡಿದರೆ ಮನೆಯಲ್ಲಿ ಒಲೆ ಉರಿಯುತ್ತದೆ. ಅಲ್ಲಿ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಹೊಟ್ಟೆಯ ನ್ಯಾಯ. ಅದನ್ನು ಪ್ರಶ್ನಿಸುವ ಬಾಯಿ ನನಗಿಲ್ಲ.

ಇನ್ನೊಂದು ಸುಲಭದ ದಾರಿ, ಹೊಸದಾಗಿ ಮಾಡಿಸುವುದು. ಫೋರ್ಡ್ ಕಂಪನಿಯ ಮಸ್ಟಾಂಗ್ 1964ರಲ್ಲಿ ಬಂದ ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದನ್ನು ಪ್ರೀತಿಸುವವರು ಇಂದಿಗೂ ಎಷ್ಟಿದ್ದಾರೆಂದರೆ ಅದರ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತಾರೆ. ತಗಡು ಒತ್ತುವ ಅಚ್ಚಿಗೆ ಬಹಳ ದುಡ್ಡು ಬೇಕು. ಕೊಳ್ಳುವವರು ಸಾವಿರಾರು ಜನ ಇದ್ದರಷ್ಟೇ ಗಿಟ್ಟುತ್ತದೆ. ಹಾಗಾಗಿ ಹೆಸರುವಾಸಿಯಾದ ಕಾರಿಗೆ ಹೊಸ ಕೈಕಾಲು ಸಿಗುತ್ತದೆ. ಕೆಲವೇ ಮಾರಾಟವಾಗಿ ಮರೆಯಾದ ಕಾರು ಬದುಕಬೇಕಾದರೆ ತನ್ನ ಬಳಗದ್ದೇ ಇನ್ನೊಂದನ್ನು ತಿನ್ನಬೇಕು. ಈ ಮಾತು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ಕಾರುಗಳಲ್ಲ, ಮನೆಗಳು. ಅನುಕೂಲಸ್ಥರ ಮನೆಯಲ್ಲಿ ಎಲ್ಲ ಮಕ್ಕಳೂ ಓದುತ್ತಾರೆ. ಇಲ್ಲದವರ ಮನೆಯಲ್ಲಿ ಒಬ್ಬರು ಓದಬೇಕಾದರೆ ಒಬ್ಬರು ಬಿಡಬೇಕು. ಬಿಡುವವರು ಯಾರೆಂಬುದು ಹುಟ್ಟಿದ ದಿನವೇ ಗೊತ್ತಾಗಿರುತ್ತದೆ.

ನನ್ನ ದೊಡ್ಡಮ್ಮನಿಗೆ ಲೆಕ್ಕವೆಂದರೆ ಪ್ರಾಣ. ಏಳನೆಯ ತರಗತಿ ಮುಗಿಯುವಾಗ ತಾತ ತೀರಿಹೋದರು. ಶಾಲೆ ಬಿಡಿಸಿ ಅಡಿಗೆಮನೆಗೆ ಕಳಿಸಿದರು. ಅವಳ ಮದುವೆಗೆಂದು ಮಾಡಿಸಿಟ್ಟಿದ್ದ ನಾಲ್ಕು ಚಿನ್ನದ ಬಳೆಗಳು ಸೋದರಮಾವನ ಇಂಜಿನಿಯರಿಂಗ್ ಕಾಲೇಜಿನ ಫೀಸಾದವು. ಮಾವ ಓದಿ ಒಳ್ಳೆಯ ಹುದ್ದೆಗೆ ಬಂದರು, ಸಜ್ಜನರಾಗಿಯೇ ಬದುಕಿದರು. ಅವರ ಷಷ್ಟ್ಯಬ್ದಿಯಲ್ಲಿ ಮೈಕು ಹಿಡಿದವರೆಲ್ಲ ದೊಡ್ಡಮ್ಮನನ್ನು ತ್ಯಾಗಮಯಿ ಎಂದು ಹೊಗಳಿದ್ದೇ ಹೊಗಳಿದ್ದು. ಎಲೆ ಹಾಕುವ ಹೊತ್ತಿಗೆ ಅವಳು ನನ್ನ ಹತ್ತಿರ ಮೆಲ್ಲಗೆ ಹೇಳಿದಳು: “ತ್ಯಾಗ, ತ್ಯಾಗ ಅಂತ ಅಷ್ಟು ಸಲ ಅಂದ್ರಲ್ಲೇ, ಅವತ್ತು ನನ್ನನ್ನ ಯಾರು ಕೇಳಿದ್ರು? ಕೇಳಿದ್ದಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೊಟ್ಟ ಬಳೆಗಳ ಬಗ್ಗೆ ಅವಳಿಗೆ ದುಃಖವೂ ಇರಲಿಲ್ಲ ಅನಿಸುತ್ತದೆ. ಕೊಡುವ ಅವಕಾಶವೇ ತಪ್ಪಿಹೋಯಿತಲ್ಲ ಎಂಬ ನೋವು ಅದು. ಕಿತ್ತುಕೊಂಡದ್ದಕ್ಕೆ ದಾನವೆಂದು ಹೆಸರಿಟ್ಟಾಗ, ನಿಜವಾಗಿ ದಾನ ಮಾಡಬಹುದಾಗಿದ್ದ ದೊಡ್ಡ ಮನಸ್ಸನ್ನೂ ಜೊತೆಗೇ ಕಿತ್ತುಕೊಂಡಂತಾಯಿತು.

ಹಾಗಾದರೆ ಏನನ್ನೂ ಬಿಚ್ಚಲೇಬಾರದೇ? ಹಾಗೆನ್ನಲಾರೆ. ಕೊಟ್ಟಿಗೆಯಲ್ಲಿ ಇಡಿಯಾಗಿ ನಿಂತು ತುಕ್ಕು ಹಿಡಿಯುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಒಬ್ಬರು ಇನ್ನೊಬ್ಬರಿಂದ ಪಡೆಯದೆ ಯಾರ ಬದುಕೂ ಪೂರ್ತಿಯಾಗುವುದಿಲ್ಲ. ಆದರೆ ಬಿಚ್ಚುವ ಮೊದಲು ‘ಬಿಚ್ಚುತ್ತೇನೆ’ ಎಂದು ಹೇಳಬೇಕು. ಬೇಡವೆನ್ನಲು ಎರಡು ದಿನ ಕೊಡಬೇಕು. ಆಮೇಲೆ ಯಾರಿಂದ ಬಂತೆಂದು ಬರೆದಿಡಬೇಕು. ಅಮೆರಿಕದ ಹಳೆಯ ಕಾರುಗಳ ಸಂಘದ ಪ್ರದರ್ಶನಗಳಲ್ಲಿ 400 ಅಂಕಗಳ ಲೆಕ್ಕದಲ್ಲಿ ತೀರ್ಪು ಕೊಡುತ್ತಾರೆ. ಕಾರ್ಖಾನೆಯಿಂದ ಬಂದ ಹಾಗೆಯೇ ಇದೆಯೇ ಎಂದು ಇಂಚು ಇಂಚು ನೋಡುತ್ತಾರೆ. ನೆರೆಯವರ ನೋಟುಪುಸ್ತಕಕ್ಕೆ ಅಲ್ಲಿ ಅಂಕವಿರಲಿಲ್ಲ. ಆದರೂ ಅದನ್ನು ಅವರು ಕಾರಿನೊಳಗೇ ಇಟ್ಟಿದ್ದರು.

ಈಚೆಗೆ ನಮ್ಮ ಬಳಗದ ಹುಡುಗರು ವಂಶವೃಕ್ಷ ಸಿದ್ಧಪಡಿಸಿ ನನಗೂ ತೋರಿಸಿದರು. ಮಾವನ ಹೆಸರಿನ ಮುಂದೆ ಬಿ.ಇ. ಎಂದಿತ್ತು. ಅದರ ಕೆಳಗೆ ಒಂದು ಸಾಲು ಸೇರಿಸಿ ಎಂದೆ: ನಾಲ್ಕು ಬಳೆ ಮತ್ತು ಏಳನೆಯ ತರಗತಿಯ ಆಚೆಗಿನ ಶಾಲೆ, ಅಕ್ಕನಿಂದ.

“ವಂಶವೃಕ್ಷದಲ್ಲಿ ಇಂಥದ್ದೆಲ್ಲ ಯಾರತ್ತೆ ಬರೀತಾರೆ?” ಎಂದು ಅಣ್ಣನ ಮಗ ನಕ್ಕ.

ಕಾರಿನವರು ಬರೆಯುತ್ತಾರಪ್ಪಾ ಎಂದೆ.