ಪ್ರಾರಬ್ಧವೆಂಬ ಮಾತು

ಶಾಲೆ ತೆರೆದು ಹದಿನೈದು ದಿನವಾಗಿತ್ತು. ಮೃಗಶಿರೆಯ ಮಳೆ ಹಿಡಿದಿತ್ತು. ಮೊಮ್ಮಗನು ಶಾಲೆಯಿಂದ ನೆಗಡಿಯನ್ನು ತಂದು, ಮೂರು ದಿನ ಅಂಗಿಯ ತೋಳಿಗೆ ಮೂಗೊರಸಿಕೊಂಡು, ನಾಲ್ಕನೆಯ ದಿನ ಎಂದಿನಂತೆ ಚೆಂಡಾಡಲು ಹೊರಟನು. ಅದೇ ನೆಗಡಿ ಉಬ್ಬಸದ ಮಗುವಾದ ಅವನ ತಂಗಿಗೆ ತಗುಲಿ, ಎರಡನೆಯ ರಾತ್ರಿ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿತು. ಏಳು ವರ್ಷದ ಆ ಕೂಸು ಕೈಗಳೆರಡನ್ನೂ ಮೊಣಕಾಲಿಗೆ ಊರಿ, ಹೆಗಲನ್ನು ಮೇಲಕ್ಕೆತ್ತಿ, ಉಸಿರುಸಿರಿಗೂ ಕೊರಳ ಗುಂಡಿ ಒಳಕ್ಕೆ ಸೆಳೆಯುತ್ತಿರಲು, "ಅಜ್ಜ" ಎಂಬ ಎರಡಕ್ಷರವನ್ನು ಎರಡು ಉಸಿರಿನಲ್ಲಿ ನುಡಿಯಿತು. ತಾಯಿ ಸ್ಪೇಸರನ್ನು ಬಾಯಿಗಿಟ್ಟು ಬಿಗಿದ ಉಸಿರುನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಒತ್ತಿದಳು. ಎದೆಯ ಗೊರಗೊರ ಇಳಿದು ಮಗು ಗೋಡೆಗೊರಗುವ ಹೊತ್ತಿಗೆ ಕೋಳಿ ಕೂಗಿತ್ತು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಜನಪದಗಳನ್ನೇ ಹಾಳುಗೆಡಹುವ ರೋಗಗಳ ಪ್ರಸಂಗ ಬಂದಾಗ, ಅಗ್ನಿವೇಶನು ಗುರುವಾದ ಆತ್ರೇಯನನ್ನು ಕೇಳುತ್ತಾನೆ: ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಒಬ್ಬರಂತೊಬ್ಬರಿಲ್ಲದ ಜನರನ್ನು ಒಂದೇ ರೋಗವು ಒಂದೇ ಕಾಲದಲ್ಲಿ ಹೇಗೆ ಹಿಡಿಯುತ್ತದೆ? ಗಾಳಿ, ನೀರು, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಷ್ಟೆ ಎಂಬುದು ಗುರುವಿನ ಉತ್ತರ. ನನ್ನ ಪ್ರಶ್ನೆ ಅದರ ತಲೆಕೆಳಗು. ಗಾಳಿ ಒಂದೇ, ಮನೆ ಒಂದೇ, ನೆಗಡಿ ಒಂದೇ ಆಗಿರುವಲ್ಲಿ, ಅಣ್ಣನಿಗೆ ಆಟಕ್ಕೂ ಅಡ್ಡಿಯಾಗದ್ದು ತಂಗಿಗೆ ಪ್ರಾಣಸಂಕಟವಾದುದೇಕೆ?

ಬೆಳಿಗ್ಗೆ ನೋಡಲು ಬಂದ ನೆರೆಮನೆಯ ಹಿರಿಯರು ಕ್ಷಣವೂ ತಡೆಯದೆ ಉತ್ತರ ಕೊಟ್ಟರು: "ಪಾಪ, ಮಗುವಿನ ಪ್ರಾರಬ್ಧ."

ವೈದ್ಯಶಾಸ್ತ್ರದ ಉತ್ತರ ಇಷ್ಟು ಚಿಕ್ಕದಲ್ಲ. ಇಂತಹ ನೆಗಡಿಗಳಲ್ಲಿ ಬಹುಪಾಲಿಗೆ ಮೂಲವಾದ ರೈನೋವೈರಸ್ಸಿನಲ್ಲಿ 160ಕ್ಕೂ ಮಿಕ್ಕ ಬಗೆಗಳಿವೆ. ಒಂದನ್ನು ಗೆದ್ದ ದೇಹ ಇನ್ನೊಂದಕ್ಕೆ ಹೊಸತಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 9ರಿಂದ 11 ವರ್ಷದ ಮಕ್ಕಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉಬ್ಬಸ ಕೆರಳಿದ ನೂರು ಸಲಗಳಲ್ಲಿ ಎಂಬತ್ತರಿಂದ ಎಂಬತ್ತೈದರಲ್ಲಿ ವೈರಸ್ಸಿನ ಸುಳಿವು ಸಿಕ್ಕಿತು. ಆದರೆ ಅಣ್ಣನ ಶ್ವಾಸನಾಳ ಸ್ವಸ್ಥವಾದದ್ದು. ತಂಗಿಯದು ಹೊರಗೆ ಏನೂ ಕಾಣದ ದಿನಗಳಲ್ಲಿಯೂ ಒಳಗೆ ಊದಿ, ಬೂದಿ ಮುಚ್ಚಿದ ಕೆಂಡದಂತೆ ಇರುವಂಥದು. ವೈರಸ್ಸು ಅಲ್ಲಿ ಗಾಳಿ ಊದುತ್ತದೆ. ನಾಳದ ಪೊರೆ ಇನ್ನೂ ಬಾತು, ಲೋಳೆ ಹೆಚ್ಚಿ, ಸುತ್ತಣ ಸ್ನಾಯು ಬಿಗಿದು, ಉಸಿರಿನ ದಾರಿ ಕಿರಿದಾಗುತ್ತದೆ. ಆ ಕೆಂಡವನ್ನು ಆರಿಸಿಡುವುದಕ್ಕಾಗಿಯೇ ದಿನವೂ ಸೇದಬೇಕಾದ ಸ್ಟೀರಾಯ್ಡಿನ ಇನ್ಹೇಲರನ್ನು ಅವಳಿಗೆ ಬರೆದುಕೊಟ್ಟಿದ್ದರು.

ಬೇಸಗೆಯಲ್ಲಿ ಅದನ್ನು ನಿಲ್ಲಿಸಿದೆವು. ನಿಲ್ಲಿಸಿದೆವು ಎನ್ನುವುದೂ ಜಾಣತನದ ಬಹುವಚನವೇ. ಎರಡು ತಿಂಗಳಿಂದ ಒಂದು ಕೆಮ್ಮೂ ಇಲ್ಲದ ಮಗುವಿಗೆ ಔಷಧವೇಕೆ, ಚಟವಾದೀತು ಎಂದು ವೈದ್ಯರನ್ನು ಕೇಳದೆ ಸೊಸೆಯನ್ನು ಒಪ್ಪಿಸಿದವನು ನಾನು.

ಆದುದರಿಂದಲೇ ನೆರೆಯವರ ಮಾತು ಕೇಳಿದೊಡನೆ ನನಗೆ ಒಳಗೊಳಗೇ ಹಗುರವಾಯಿತು. ಆ ಹಗುರವೇ ಅನಂತರ ನನ್ನನ್ನು ನಾಚಿಸಿತು. ಸಂಚಿತ, ಪ್ರಾರಬ್ಧ, ಆಗಾಮಿ ಎಂದು ಕರ್ಮವನ್ನು ವಿಭಾಗಿಸಿದ ನಮ್ಮ ಪೂರ್ವಿಕರು, ಫಲಕ್ಕೆ ಬಂದದ್ದನ್ನು ಪ್ರಾರಬ್ಧವೆಂದು ತಾಳಿಕೊಳ್ಳಿರೆಂದದ್ದು ಅನುಭವಿಸುವವನ ಸಮಾಧಾನಕ್ಕಾಗಿಯೇ ಹೊರತು, ಪಕ್ಕದಲ್ಲಿ ನಿಂತು ನೋಡುವವನ ಬಿಡುಗಡೆಗಾಗಿ ಅಲ್ಲವೆಂದು ನನ್ನ ತಿಳಿವಳಿಕೆ. ಮಗುವಿನ ಹಿಂದಿನ ಜನ್ಮವನ್ನು ಕಂಡವರಾರು? ಮೊನ್ನೆಯ ಏಪ್ರಿಲ್ ತಿಂಗಳನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ಅಗ್ನಿವೇಶನು ಪ್ರಶ್ನಿಸಿದ ಅಧ್ಯಾಯದಲ್ಲಿಯೇ ಮುಂದೆ ದೈವವನ್ನೂ ಪುರುಷಕಾರವೆಂಬ ಮನುಷ್ಯಪ್ರಯತ್ನವನ್ನೂ ತೂಗುವ ಮಾತಿದೆ; ದುರ್ಬಲವಾದ ದೈವವನ್ನು ಬಲವಾದ ಪುರುಷಕಾರವು ಮಣಿಸಬಲ್ಲದೆಂದು ಆಚಾರ್ಯನು ಒಪ್ಪುತ್ತಾನೆ. ಇಲ್ಲಿ ದೈವ ಎಷ್ಟು ದುರ್ಬಲವಾಗಿತ್ತೆಂದರೆ, ದಿನಕ್ಕೆರಡು ಸಲದ ಇನ್ಹೇಲರು ಅದನ್ನು ತಡೆದು ನಿಲ್ಲಿಸಬಹುದಿತ್ತು. ಎಲ್ಲ ಸಲವೂ ಹೀಗೆಂದು ನಾನು ಹೇಳಲಾರೆ. ಔಷಧವನ್ನು ತಪ್ಪದೆ ಕೊಟ್ಟ ಮನೆಗಳಲ್ಲಿಯೂ ಮಕ್ಕಳಿಗೆ ಉಬ್ಬಸ ಏಳುವುದುಂಟು, ಆ ತಾಯಂದಿರ ಮುಂದೆ ಪುರುಷಕಾರದ ಉಪನ್ಯಾಸವೂ ಪ್ರಾರಬ್ಧದಷ್ಟೇ ಕ್ರೂರವಾದೀತು.

ಇನ್ಹೇಲರು ಈಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದೆ. ಸೇದಿ, ಹತ್ತೆಣಿಸಿ, ಬಾಯಿ ಮುಕ್ಕಳಿಸಿ ಉಗುಳುವ ಸದ್ದು ಬಚ್ಚಲಿನಿಂದ ಕೇಳಿಬಂದ ಮೇಲೆಯೇ ನಾನು ಸಂಧ್ಯಾವಂದನೆಗೆ ಕೂರುವುದು. ಮೊನ್ನೆ ನನಗೇ ನೆಗಡಿಯಾದಾಗ ಹಾಸಿಗೆಯನ್ನು ಜಗುಲಿಯ ಕೋಣೆಗೆ ಒಯ್ದೆನು; ಮೊಮ್ಮಗಳು ಹೊಸ್ತಿಲಾಚೆ ಮಣೆ ಹಾಕಿಕೊಂಡು, ಗಟ್ಟಿಯಾಗಿ ಹೇಳು ಎಂದು ಗದರಿಸಿ, ಅರ್ಧಕ್ಕೆ ನಿಂತಿದ್ದ ಕಥೆಯನ್ನು ಅಲ್ಲಿಂದಲೇ ಕೇಳಿದಳು.