ಸೆರೆಮನೆಯ ವೆಚ್ಚವೂ ಶ್ರಾವಕನ ಹೊಣೆಯೂ

ದಂಡನೀತಿಯ ಉಗಮವನ್ನು ಆದಿಪುರಾಣವು ನಿರೂಪಿಸುವ ಬಗೆ ಚಿಂತನಾರ್ಹವಾದುದು. ಮೊದಲ ಕುಲಕರರ ಕಾಲದಲ್ಲಿ ತಪ್ಪುಗೈದವನಿಗೆ ‘ಹಾ’ ಎಂಬ ಒಂದೇ ಉದ್ಗಾರ ದಂಡವಾಗಿತ್ತು. ಅದು ಸಾಲದಾದಾಗ ‘ಮಾ’ ಎಂಬ ನಿಷೇಧವೂ, ಅನಂತರ ‘ಧಿಕ್’ ಎಂಬ ಧಿಕ್ಕಾರವೂ ಸೇರಿದವು. ವಧ, ಬಂಧನ ಮೊದಲಾದ ದೇಹದಂಡನೆಗಳು ಬಂದದ್ದು ಭರತ ಚಕ್ರವರ್ತಿಯ ಆಳ್ವಿಕೆಯಲ್ಲಿ. ಮನುಷ್ಯನಲ್ಲಿ ಲಜ್ಜೆ ಕುಂದಿದಂತೆ ದಂಡದ ಭಾರ ಹೆಚ್ಚಿತೆಂಬುದು ಈ ಕಥನದ ತಾತ್ಪರ್ಯ. ದಂಡವು ಅನಿವಾರ್ಯವೆಂದು ನಮ್ಮ ಆಚಾರ್ಯರು ಒಪ್ಪಿದರು. ಆದರೆ ಅದನ್ನು ಸಮಾಜದ ಹೆಮ್ಮೆಯೆಂದು ಎಂದೂ ಎಣಿಸಲಿಲ್ಲ.

ಇಂದಿನ ದಂಡಕ್ಕೆ ಹಣ ಬೇಕು. ಕಟ್ಟಡ, ಕಾವಲು, ಅನ್ನ, ಔಷಧ, ನ್ಯಾಯಾಲಯಕ್ಕೆ ಕರೆದೊಯ್ಯುವ ವಾಹನ ಇವೆಲ್ಲವೂ ಸರ್ಕಾರದ ಆಯವ್ಯಯದಿಂದ ಬರಬೇಕು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸೆರೆಮನೆಗಳು ರಾಜ್ಯಪಟ್ಟಿಗೆ ಸೇರಿವೆ. ಆದುದರಿಂದ ಮಹಾರಾಷ್ಟ್ರ, ಕರ್ನಾಟಕ, ಕೇರಳ, ಆಂಧ್ರಪ್ರದೇಶ ಹೀಗೆ ಯಾವ ರಾಜ್ಯದಲ್ಲಿ ನಾವು ನೆಲೆಸಿದ್ದರೂ, ಮನೆಯಲ್ಲಿ ಯಾವ ನುಡಿಯಾಡಿದರೂ, ಆಯಾ ರಾಜ್ಯಕ್ಕೆ ನಾವು ತೆರುವ ತೆರಿಗೆಯ ಒಂದಂಶ ಸೆರೆಮನೆಗೆ ಸಲ್ಲುತ್ತದೆ. ಈ ಹಣದಿಂದ ನಾವು ಪಡೆಯುತ್ತಿರುವುದೇನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದಂತೆ, 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ 4,36,266 ಜನರಿಗೆ ಸ್ಥಳವಿತ್ತು; ಇದ್ದವರು 5,73,220. ಇವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಿದ್ಧವಾಗಿರಲಿಲ್ಲ. ಇರುವ ಸ್ಥಳವನ್ನೆಲ್ಲ ತುಂಬಲು ವಿಚಾರಣಾಧೀನರೇ ಬಹುಮಟ್ಟಿಗೆ ಸಾಕಾಗಿದ್ದರು. ನಮ್ಮ ಬೊಕ್ಕಸದಿಂದ ಹೋಗುವ ಹಣದ ಬಹುಪಾಲು ಶಿಕ್ಷೆಗಿಂತ ಕಾಯಿಸುವುದಕ್ಕೇ ವ್ಯಯವಾಗುತ್ತಿದೆಯೆಂದು ಇದರಿಂದ ತಿಳಿಯುತ್ತದೆ.

ಹೀಗೆ ಕಾಯುವವರೆಲ್ಲರೂ ಘೋರ ಅಪರಾಧದ ಆರೋಪಿಗಳಲ್ಲ. ಜಾಮೀನು ದೊರೆತ ಮೇಲೂ ಭದ್ರತೆಯ ಹಣವಿಲ್ಲದೆ, ಹೊಣೆ ನಿಲ್ಲುವವರಿಲ್ಲದೆ ಒಳಗೇ ಉಳಿದವರೂ ಇದ್ದಾರೆ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಬಿಹಾರದ ಅನೇಕ ಬಡಬಂದಿಗಳು ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕಳೆದದ್ದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಶೀಘ್ರ ವಿಚಾರಣೆ ಮೂಲಭೂತ ಹಕ್ಕೆಂದು ನ್ಯಾಯಾಲಯ ಸಾರಿತು. ಅದೇ ರಾಜ್ಯದಲ್ಲಿ 1968ರಲ್ಲಿ ನಿರ್ದೋಷಿಯೆಂದು ತೀರ್ಪು ಪಡೆದ ಒಬ್ಬನು ಹೊರಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ ಅವನನ್ನು ಕಾಯ್ದು, ಉಣಿಸಿದ ವೆಚ್ಚದ ಮೇಲೆ ಸರ್ಕಾರವು ಪರಿಹಾರವನ್ನೂ ಕೊಡಬೇಕಾಯಿತು. ಆದರೆ ಕಳೆದ ಆಯುಷ್ಯವನ್ನು ಯಾವ ಖಜಾನೆ ತುಂಬಿಕೊಟ್ಟೀತು?

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಕೊಟ್ಟಿಗೆಯ ಪಶುವಿನ ವಿಷಯದಲ್ಲಿ ಇದನ್ನು ನೆನೆಯುವ ನಾವು, ನಮ್ಮದೇ ಊರಿನ ಸೆರೆಮನೆಯಲ್ಲಿ ಮಲಗಲು ಜಾಗವಿಲ್ಲದೆ ಕುಳಿತಿರುವ ಮನುಷ್ಯನ ವಿಷಯದಲ್ಲಿ ನೆನೆಯಬೇಡವೆ? ಅವನನ್ನು ನಾನು ಕಟ್ಟಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಕರ್ಮವು ಅಂಟುವುದೆಂಬುದು ನಮ್ಮ ಶಾಸ್ತ್ರ. ನಮ್ಮ ಹಣದಿಂದ ನಡೆಯುವುದು ಕಾರಿತಕ್ಕೆ ಸಮೀಪವಾದುದು. ‘ಅವನ ಕರ್ಮ, ಅವನು ಅನುಭವಿಸಲಿ’ ಎನ್ನುವುದು ಅನುಮೋದನೆಯಲ್ಲದೆ ಬೇರೇನು?

ಹಾಗಾದರೆ ಕಳುವಾದ ಮನೆಯವನ, ಮಗನನ್ನು ಕಳೆದುಕೊಂಡ ತಾಯಿಯ ದುಃಖಕ್ಕೆ ಬೆಲೆಯಿಲ್ಲವೆ ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದು. ವಿರೋಧಿಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನೆಂಬುದನ್ನು ನಮ್ಮ ಶಾಸ್ತ್ರವೂ ಬಲ್ಲದು. ದುಷ್ಟನನ್ನು ತಡೆಯುವುದು ರಾಜಧರ್ಮ. ಆದರೆ ವಿಚಾರಣೆ ತಡವಾದಾಗ ನೊಂದವರಿಗೂ ತೀರ್ಪು ಸಿಗುವುದಿಲ್ಲ. ಸಾಕ್ಷಿಗಳ ನೆನಪು ಮಾಸುತ್ತದೆ, ತಾಯಿಯ ಕಣ್ಣೀರು ಆರುವುದಿಲ್ಲ. ಗೋಡೆಗಳಿಗೆ ಸುರಿಯುವ ಹಣದ ಒಂದು ಪಾಲನ್ನು ನ್ಯಾಯಾಧೀಶರ ನೇಮಕಕ್ಕೂ, ಬಡವನ ವಕೀಲನಿಗೂ ಕೊಟ್ಟರೆ ಇಬ್ಬರಿಗೂ ಹಿತವಾದೀತು.

ಅಪರಾಧಿಗಳನ್ನು ನಡೆಸಿಕೊಳ್ಳುವ ಬೇರೆ ದಾರಿಯೂ ನಮ್ಮ ನೆರೆಯಲ್ಲೇ ಇದೆ. ಜತ್ತಕ್ಕೆ ದೂರವಲ್ಲದ, ಅಂದು ಔಂಧ್ ಸಂಸ್ಥಾನಕ್ಕೆ ಸೇರಿದ್ದ ಆಟಪಾಡಿಯಲ್ಲಿ 1939ರಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆ ಆರಂಭವಾಯಿತು. ಎತ್ತರದ ಗೋಡೆಯಿಲ್ಲದೆ, ವಿಶ್ವಾಸವೇ ಕಾವಲಾಗಿ, ಘೋರ ಅಪರಾಧಿಗಳು ಅಲ್ಲಿ ಹೊಲ ಉತ್ತರು. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಆ ಪ್ರಯೋಗವೇ. ಕಾಸರಗೋಡು ಜಿಲ್ಲೆಯ ಚೀಮೇನಿಯಲ್ಲಿಯೂ ಬಯಲು ಸೆರೆಮನೆಯಿದೆ. ಇಂಥಲ್ಲಿ ಕಾವಲಿನ ವೆಚ್ಚ ಕಡಿಮೆ. ಮನುಷ್ಯನಲ್ಲಿ ಲಜ್ಜೆ ಮರಳಿ ಹುಟ್ಟಲು ಅವಕಾಶ ಹೆಚ್ಚು.

ಕಾನೂನೂ ಈಗ ಸ್ವಲ್ಪ ಬಾಗಿಲು ತೆರೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಶಿಕ್ಷೆಗೊಳಗಾಗದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೆಯ ಒಂದಂಶದಷ್ಟು ಕಾಲ ಕಳೆದಿದ್ದರೆ ಬಿಡುಗಡೆಗೆ ಅರ್ಹನು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಹಲವು ಮೊಕದ್ದಮೆಗಳಿರುವವರಿಗೂ ಇದು ಅನ್ವಯಿಸದು. ಜಾಮೀನಿನ ಹಣವಿಲ್ಲದ ಬಡವರಿಗೆ 40,000 ರೂಪಾಯಿಗಳವರೆಗೆ ನೆರವಾಗುವ ಕೇಂದ್ರ ಸರ್ಕಾರದ ಯೋಜನೆಯೂ 2023ರಲ್ಲಿ ರೂಪುಗೊಂಡಿತು. ಆದರೆ ಓದುಬರಹವಿಲ್ಲದವನಿಗೆ ಇದನ್ನು ತಿಳಿಸುವವರು ಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ನಮ್ಮ ಸಮಾಜವು ಉತ್ಸಾಹದಿಂದ ನಡೆಸಿಕೊಂಡು ಬಂದಿದೆ. ಅಭಯದಾನವನ್ನು ಪ್ರಾಣಿಗಳ ಬಿಡುಗಡೆಗಷ್ಟೇ ಸೀಮಿತಗೊಳಿಸಬೇಕಾಗಿಲ್ಲ. ನಮ್ಮಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಬಿಡುವುಳ್ಳ ನಿವೃತ್ತ ಶಿಕ್ಷಕರಿದ್ದಾರೆ. ಈ ವರ್ಷ ಇವರಲ್ಲಿ ಕೆಲವರಾದರೂ ತಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರವನ್ನು ಕಂಡು, ಜಾಮೀನು ದೊರೆತೂ ಒಳಗುಳಿದವರು ಯಾರೆಂದು ವಿಚಾರಿಸಲಿ. ಆಯವ್ಯಯ ಮಂಡನೆಯಾದಾಗ ಸೆರೆಮನೆಗೆಷ್ಟು, ಕಾನೂನು ನೆರವಿಗೆಷ್ಟು ಎಂದು ತಮ್ಮ ಶಾಸಕರನ್ನು ಕೇಳಲಿ. ತೆರಿಗೆ ತೆತ್ತಲ್ಲಿಗೆ ಶ್ರಾವಕನ ಹೊಣೆ ಮುಗಿಯದು. ಅದು ಎಲ್ಲಿ, ಯಾರ ಮೇಲೆ, ಹೇಗೆ ವಿನಿಯೋಗವಾಗುತ್ತಿದೆಯೆಂದು ನೋಡುವುದೂ ಅವನ ವ್ರತಕ್ಕೆ ಸೇರಿದ್ದೇ.