ತಪ್ಪೊಪ್ಪಿಗೆ ಯಾರ ಮುಂದೆ?

ಸುರಪುರದ ಟೇಲರ್ ಮಂಜಿಲ್ ಕಂಡಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯನ್ನು ಹೇಗೆ ಓದಬೇಕು? ಒಬ್ಬ ಕೊಲೆಗಾರನ ಮನಸ್ಸಿನ ಪಯಣವೆಂದೇ, ವಸಾಹತುಶಾಹಿಯ ಕಡತವೆಂದೇ?

ಮೊದಲ ಓದಿಗೆ ಆಧಾರ ಗಟ್ಟಿಯಾಗಿದೆ. ತನ್ನ ಹೆತ್ತವರನ್ನು ಕೊಂದ ಥಗ್ಗರ ತಂಡದವನನ್ನೇ ಅಮೀರ್ ಅಲಿ ತಂದೆಯೆಂದು ನಂಬಿ ಬೆಳೆಯುತ್ತಾನೆ. ಮುಂದೆ ಅರಿಯದೆ ಒಡಹುಟ್ಟಿದವಳನ್ನೇ ಕೊಲ್ಲುತ್ತಾನೆ. ಆದರೂ ತನ್ನ ಕಸುಬಿನ ಬಗ್ಗೆ ಮಾತಾಡುವಾಗ ಅವನಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆಯೇ ಹೆಚ್ಚು. ಇಂಥ ಮನಸ್ಸನ್ನು ಬರೀ ಕಡತ ಎನ್ನಲಾಗದು.

ಆದರೆ ಅವನು ಮಾತಾಡುತ್ತಿರುವುದು ಒಬ್ಬ ಸಾಹೇಬನ ಮುಂದೆ. ಅವನು ಮಾಫಿ ಸಾಕ್ಷಿ. ಬಾಯಿ ಬಿಟ್ಟದ್ದಕ್ಕೇ ಜೀವ ಉಳಿದಿದೆ. ಅಂದಮೇಲೆ ನಾವು ಕಾಣುವ ಅಂತರಂಗ ಒಂದು ಕರಾರಿನಡಿ ತೆರೆದುಕೊಂಡದ್ದು. ಹೀಗಾಗಿ ಎರಡು ಓದುಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ. ಒಳಗನ್ನು ತೋರಿಸುವ ಬಾಗಿಲ ಕೀಲಿ ಯಾರ ಕೈಯಲ್ಲಿದೆ ಎಂಬುದೂ ಮನಶ್ಶಾಸ್ತ್ರದ ಪ್ರಶ್ನೆಯೇ.

ಕಾದಂಬರಿ ಬಂದ ಕೆಲವೇ ವರ್ಷಗಳಲ್ಲಿ ಟೇಲರ್ ಸುರಪುರಕ್ಕೆ ಬಂದ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದ, ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಟೇಲರ್ ಕೊಲೆಗಾರನಲ್ಲ, ಆತ್ಮಕಥೆಯಲ್ಲಿ ಅವನು ತೋಡಿಕೊಂಡ ದುಃಖ ಸುಳ್ಳೆಂದೂ ನನಗನ್ನಿಸುವುದಿಲ್ಲ. ಆದರೂ ತನ್ನದನ್ನು ಕಸಿದವರ ಕಡೆಯವನನ್ನೇ ತಂದೆಯೆನ್ನುವ ಮಗುವಿನ ಕಥೆಯನ್ನು ಅವನು ಮೊದಲೇ ಬರೆದಿದ್ದ. ಆ ‘ಅಪ್ಪಾ’ ಎಂಬ ಕರೆ ಕೂಡ ನಮಗೆ ಸಿಗುವುದು ಟೇಲರನ ಲೇಖನಿಯಿಂದಲೇ. ಪ್ರೀತಿ ನಿಜವಾಗಿದ್ದರೂ ಅದು ಅಧಿಕಾರವನ್ನು ತೊಳೆಯಲಾರದು.

ಇದನ್ನೆಲ್ಲ ಸಾಹೇಬನ ಮೇಲೆ ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಹೋದ ಬೇಸಿಗೆಯಲ್ಲಿ ಕ್ಷೇತ್ರಕಾರ್ಯಕ್ಕೆಂದು ಶಹಾಪುರದ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಜ್ಜಿಯೊಬ್ಬರು ತಮ್ಮ ಮನೆತನದ ಕಥೆ ಹೇಳತೊಡಗಿದರು. ನಾನು ಮೊಬೈಲನ್ನು ಅವರ ಮುಂದಿಟ್ಟೆ. ಅದನ್ನೊಮ್ಮೆ ನೋಡಿ ಕೇಳಿದರು: “ಇದನ್ನೆಲ್ಲ ಬರ್ಕೊಂಡು ನೀ ಡಾಕ್ಟರ್ ಆಗ್ತಿ. ನನಗೇನು ಬರ್ತದ?”

ನಾನು ನಕ್ಕು ತೇಲಿಸಿದೆ. ಯಾದಗಿರಿಗೆ ಮರಳುವ ಬಸ್ಸಿನಲ್ಲಿ ಆ ನಗು ನನಗೇ ಚುಚ್ಚಿತು. ಎದುರಿಗಿದ್ದವರಿಗೆ ನೇಣಿನ ಭಯವಿರಲಿಲ್ಲ, ನಿಜ. ಆದರೆ ಕೇಳುವವ ನಾನು, ಬರೆಯುವವ ನಾನು, ಲಾಭವೂ ನನ್ನದೇ. ಪ್ರಬಂಧದಲ್ಲಿ ಅವರ ಕಥೆಗಿಂತ ಮೊದಲು ಅವರ ಆ ಪ್ರಶ್ನೆಯನ್ನು ಇಟ್ಟಿದ್ದೇನೆ. ಅದು ಉತ್ತರವಲ್ಲ ಎಂಬುದು ಗೊತ್ತು.